ಇವಿ ಚಾರ್ಜಿಂಗ್: ಮೊದಲು ನ್ಯೂಟ್ರಲ್‌ಗೆ ಟಾಂಗ್ ಟೆಸ್ಟರ್ ಹಾಕಿ

ಮಾನ್ಯ ಸಂಪಾದಕರೇ,

ವಿದ್ಯುತ್ ವಾಹನಗಳ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇಷ್ಟು ಗಾಡಿಗಳಿಗೆ ಕರೆಂಟ್ ಎಲ್ಲಿಂದ ತರೋದು? ಲೆಕ್ಕ ಹಾಕಿ ನೋಡಿದರೆ ಈ ಭಯಕ್ಕೆ ಅಂಥ ಬುಡವಿಲ್ಲ. ಒಂದು ಸ್ಕೂಟರಿನ ಬ್ಯಾಟರಿ ತುಂಬಲು ಬೇಕಾಗುವುದು 3ರಿಂದ 4 ಯೂನಿಟ್. 2 ಕಿಲೋವಾಟ್ ಗೀಸರ್ ಎರಡು ಗಂಟೆ ಉರಿದರೆ ಅಷ್ಟೇ ಖರ್ಚು. ಹಗಲಿನಲ್ಲಿ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಗಾಳಿ ಇದೆ, ಶರಾವತಿಯಿದೆ. ಇಕ್ಕಟ್ಟು ಇರುವುದು ಕೆಳಗೆ, ರಸ್ತೆ ಬದಿಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಮನೆಯ ಮೀಟರ್ ಬೋರ್ಡಿನ ತನಕದ ಇನ್ನೂರು ಮುನ್ನೂರು ಮೀಟರ್ ತಂತಿಯಲ್ಲಿ; ಅಪಾರ್ಟ್‌ಮೆಂಟಿನ ಪ್ಯಾನೆಲ್ ರೂಮಿನಿಂದ ಬೇಸ್‌ಮೆಂಟ್ ಪಾರ್ಕಿಂಗಿಗೆ ಎಳೆದ ಕೇಬಲ್ಲಿನಲ್ಲಿ; ಅದರಲ್ಲೂ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ನ್ಯೂಟ್ರಲ್‌ನಲ್ಲಿ, ಅಂದರೆ ಕರೆಂಟ್ ವಾಪಸ್ ಬರುವ ತಂತಿಯಲ್ಲಿ.

ಇವಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಚಾರ್ಜಿಂಗ್‌ಗೆ ಪ್ರತ್ಯೇಕ ದರವಿದೆ, ಪ್ರತ್ಯೇಕ ಮೀಟರ್ ಸಿಗುತ್ತದೆ. ಆದರೆ ಅರ್ಜಿ ಪರಿಶೀಲಿಸುವಾಗ ಕೇಳುವುದು ಎಷ್ಟು ಕಿಲೋವಾಟ್ ಎಂಬುದನ್ನು. ಯಾವ ಫೇಸ್‌ಗೆ, ಟಿಸಿಯಿಂದ ಎಷ್ಟು ದೂರದಲ್ಲಿ, ಎಂಥ ಚಾರ್ಜರ್, ನ್ಯೂಟ್ರಲ್ ಎಷ್ಟು ದಪ್ಪ ಎಂಬ ನಾಲ್ಕು ಪ್ರಶ್ನೆಗಳು ಬಿಟ್ಟುಹೋಗುತ್ತವೆ. ತೊಂದರೆ ಹುಟ್ಟುವುದು ಈ ನಾಲ್ಕರಲ್ಲೇ. ಒಂದೊಂದಾಗಿ ನೋಡೋಣ.

ಮೊದಲು ದೂರ. ಮನೆಯಲ್ಲಿ ಹಾಕಿಸುವ 7.4 ಕಿಲೋವಾಟ್ ವಾಲ್ ಚಾರ್ಜರ್ ಸಿಂಗಲ್ ಫೇಸ್‌ನಲ್ಲಿ 32 ಆಂಪ್ಸ್ ಎಳೆಯುತ್ತದೆ. ಎಲ್‌ಟಿ ಲೈನಿನಲ್ಲಿ (ಟಿಸಿಯಿಂದ ಮನೆಗಳಿಗೆ ಬರುವ ಲೈನ್) ಇನ್ನೂ ಬಳಕೆಯಲ್ಲಿರುವ ವೀಸಲ್ ಎಂಬ ತೆಳು ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.93 ಓಮ್. ಮನೆ ಟಿಸಿಯಿಂದ 250 ಮೀಟರ್ ದೂರವಿದ್ದರೆ, ಹೋಗುವ ಫೇಸ್ ತಂತಿ ಮತ್ತು ವಾಪಸ್ ಬರುವ ನ್ಯೂಟ್ರಲ್ ಎರಡನ್ನೂ ಕೂಡಿಸಿದಾಗ 0.465 ಓಮ್. 32 ಆಂಪ್ಸ್‌ಗೆ ಇಳಿಕೆ ಸುಮಾರು 15 ವೋಲ್ಟ್. ಒಂದೇ ಒಂದು ಕಾರು 230 ವೋಲ್ಟನ್ನು 215ಕ್ಕೆ ತಂದಿತು. ಎಲ್‌ಟಿ ಪೂರೈಕೆಗೆ ಹಿಂದಿನಿಂದ ಪಾಲಿಸಿಕೊಂಡು ಬಂದ 6% ಮಿತಿ 13.8 ವೋಲ್ಟ್, ಅದು ಅಲ್ಲಿಗೇ ದಾಟಿತು. ಅದೇ ಜಾಗದಲ್ಲಿ ರ‍್ಯಾಬಿಟ್ ಎಂಬ ದಪ್ಪ ತಂತಿ ಇದ್ದರೆ ರೋಧ ಕಿಲೋಮೀಟರಿಗೆ 0.55 ಓಮ್, ಇಳಿಕೆ 9 ವೋಲ್ಟಿನೊಳಗೆ ನಿಲ್ಲುತ್ತದೆ. ಅದೇ ಕಾರು, ಅದೇ ಚಾರ್ಜರ್. ಒಂದು ಬೀದಿಯಲ್ಲಿ ಯಾರಿಗೂ ಗೊತ್ತಾಗದೆ ನಡೆಯುತ್ತದೆ, ಪಕ್ಕದ ಬೀದಿಯಲ್ಲಿ ಡಿಮ್ ಕರೆಂಟ್ ಎಂಬ ದೂರು ಬರುತ್ತದೆ.

ಇಲ್ಲಿ ಇನ್ನೊಂದು ವಿಷಯ ಅಡಗಿದೆ. ಆ 15 ವೋಲ್ಟಿನಲ್ಲಿ ಅರ್ಧದಷ್ಟು, ಅಂದರೆ ಏಳೂವರೆ ವೋಲ್ಟ್, ನ್ಯೂಟ್ರಲ್ ತಂತಿಯಲ್ಲೇ ಬೀಳುತ್ತದೆ. ಅದರಿಂದ ಲೈನಿನ ಕೊನೆಯಲ್ಲಿ ನ್ಯೂಟ್ರಲ್ ತನ್ನ ಜಾಗ ಬಿಟ್ಟು ಸರಿಯುತ್ತದೆ. ಆಗ ಉಳಿದೆರಡು ಫೇಸ್‌ಗಳ ಮನೆಗಳಿಗೆ ವೋಲ್ಟೇಜ್ ಇಳಿಯುವ ಬದಲು ಸುಮಾರು ಮೂರೂವರೆಯಿಂದ ನಾಲ್ಕು ವೋಲ್ಟ್ ಏರುತ್ತದೆ. ಒಂದೇ ಕಂಬದಿಂದ ಸರ್ವಿಸ್ ಪಡೆದ ಎರಡು ಮನೆಗಳಲ್ಲಿ ಒಬ್ಬರು ಲೋ ವೋಲ್ಟೇಜ್ ಎಂದು, ಇನ್ನೊಬ್ಬರು ಹೈ ವೋಲ್ಟೇಜ್ ಎಂದು ಫೋನ್ ಮಾಡಿದರೆ ಲೈನ್‌ಮ್ಯಾನ್ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬಾರದು. ಇಬ್ಬರದೂ ನಿಜ.

ಟಿಸಿಯ ಟ್ಯಾಪ್ (ವೋಲ್ಟೇಜ್ ಏರಿಳಿಸುವ ಹಂತ) ಬದಲಿಸಿದರಾಯಿತಲ್ಲ ಎನ್ನುವವರಿದ್ದಾರೆ. 100 ಕೆವಿಎ ತನಕದ ಟಿಸಿಗಳಿಗೆ ಸಾಮಾನ್ಯವಾಗಿ ಟ್ಯಾಪ್ ಇರುವುದೇ ಇಲ್ಲ. ದೊಡ್ಡವಕ್ಕೆ ಇದ್ದರೂ ಸಪ್ಲೈ ತೆಗೆದೇ ಬದಲಿಸಬೇಕು. ರಾತ್ರಿಯ ಕಾರುಗಳಿಗಾಗಿ ಏರಿಸಿಟ್ಟರೆ ಮಧ್ಯಾಹ್ನ ಅಕ್ಕಪಕ್ಕದ ಮನೆಗಳ ಚಾವಣಿಯ ಸೋಲಾರ್ ಜೋರಾಗಿ ತಳ್ಳುವಾಗ ವೋಲ್ಟೇಜ್ ಮಿತಿ ಮೀರಿ ಇನ್ವರ್ಟರ್‌ಗಳು ಟ್ರಿಪ್ ಆಗುತ್ತವೆ.

ಇನ್ನು ಫೇಸ್. 100 ಕೆವಿಎ ಟಿಸಿಯ ಫುಲ್ ಲೋಡ್ ಕರೆಂಟ್ ಫೇಸಿಗೆ 133 ಆಂಪ್ಸ್. ಒಂದೇ ಬೀದಿಯ ನಾಲ್ಕು ಕಾರುಗಳು ತಲಾ 32 ಆಂಪ್ಸ್‌ನಂತೆ ಆಕಸ್ಮಿಕವಾಗಿ ಒಂದೇ ಫೇಸಿಗೆ ಬಿದ್ದವು ಎನ್ನಿ: 128 ಆಂಪ್ಸ್. ಕಡತದಲ್ಲಿ ನೋಡಿದರೆ ಇದು ಬರೀ 30 ಕಿಲೋವಾಟ್. ಟಿಸಿಯ ಸಾಮರ್ಥ್ಯದ ಮೂರನೆಯ ಒಂದು ಭಾಗವೂ ಅಲ್ಲ. ಆದರೆ ಆ ಒಂದು ಫೇಸ್ ಆಗಲೇ ಭರ್ತಿ. ಅದರ ಮೇಲೆ ಮನೆಗಳ ಫ್ಯಾನು, ಫ್ರಿಜ್ಜು, ಪಂಪು ಸೇರಿ ಎಲ್‌ಟಿ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋದಾಗಲೆಲ್ಲ ದಪ್ಪ ತಂತಿ ಸುತ್ತಿ ಹಾಕುವ ಚಾಳಿ ಇದ್ದರೆ ಫ್ಯೂಸ್ ಉಳಿಯುತ್ತದೆ, ಟಿಸಿಯ ಆ ಕಾಯಿಲ್ ಬೇಯುತ್ತದೆ. ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರಿನ ಒಳಗಿನ ಕಾಗದದ ಇನ್ಸುಲೇಷನ್‌ಗೆ 98 ಡಿಗ್ರಿಯ ಮೇಲೆ ಪ್ರತಿ 6 ಡಿಗ್ರಿ ಏರಿದಂತೆ ಆಯುಸ್ಸು ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಚಾರ್ಜಿಂಗ್ ಶುರುವಾಗುವ ಮೊದಲು ರಾತ್ರಿ ಟಿಸಿಗೆ ತಣಿಯುವ ಹೊತ್ತಾಗಿತ್ತು. ಈಗ ಅದು ಸಂಜೆಯ ಬಿಸಿಯನ್ನು ಹೊತ್ತುಕೊಂಡೇ ರಾತ್ರಿಯ ಕೆಲಸಕ್ಕಿಳಿಯುತ್ತದೆ.

ಫೇಸ್‌ಗಳು ಏರುಪೇರಾದರೆ ಪೆಟ್ಟು ಬೀಳುವುದು ತ್ರೀ ಫೇಸ್ ಮೋಟರುಗಳಿಗೆ. ವೋಲ್ಟೇಜಿನಲ್ಲಿ 1% ಅಸಮತೋಲನ ಇದ್ದರೆ ಮೋಟರಿನ ಕರೆಂಟಿನಲ್ಲಿ 6ರಿಂದ 10% ಅಸಮತೋಲನ ಕಾಣಿಸಿಕೊಳ್ಳುತ್ತದೆ. ಲಿಫ್ಟು, ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ, ಎಲ್ಲಕ್ಕೂ ಇದೇ ಪಾಡು. ಮೋಟರ್ ಕಾಯಿಲ್ ಸುತ್ತಿಸುವ ಖರ್ಚು ಯಾರದೋ ಚಾರ್ಜರಿನ ಖಾತೆಗೆ ಎಂದೂ ಜಮಾ ಆಗುವುದಿಲ್ಲ.

ಈಗ ಮುಖ್ಯ ವಿಷಯ, ಹಾರ್ಮೋನಿಕ್ಸ್. ಹೆಸರು ಕೇಳಿ ಹಲವರು ಪುಟ ಮಗುಚುತ್ತಾರೆ. ವಿಷಯ ಅಷ್ಟು ಕಷ್ಟದ್ದಲ್ಲ. ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ವೋಲ್ಟೇಜಿನ ಅಲೆ ಹೇಗೆ ಏರಿಳಿಯುತ್ತದೋ ಹಾಗೇ ಕರೆಂಟ್ ಎಳೆಯುತ್ತದೆ. ಅಗ್ಗದ ಚಾರ್ಜರ್ ಹಾಗಲ್ಲ. ಅದರ ಬಾಗಿಲಲ್ಲೇ ನಾಲ್ಕು ಡಯೋಡ್‌ಗಳ ಬ್ರಿಜ್, ಅದರ ಹಿಂದೆ ಒಂದು ದಪ್ಪ ಕೆಪಾಸಿಟರ್. ಕೆಪಾಸಿಟರಿನಲ್ಲಿರುವ ವೋಲ್ಟೇಜಿಗಿಂತ ಹೊರಗಿನದು ಮೇಲೇರಿದಾಗ ಮಾತ್ರ ಡಯೋಡ್ ತೆರೆದುಕೊಳ್ಳುತ್ತದೆ. 10 ಮಿಲಿಸೆಕೆಂಡಿನ ಅರ್ಧ ಅಲೆಯಲ್ಲಿ ನೆತ್ತಿಯ ಎರಡು ಮೂರು ಮಿಲಿಸೆಕೆಂಡು ಮಾತ್ರ ಕರೆಂಟ್ ನುಗ್ಗಿ, ಉಳಿದ ಹೊತ್ತು ಸುಮ್ಮನಿರುತ್ತದೆ. ಹೀಗೆ ಗಬಕ್ಕನೆ ನುಂಗುವ ಕರೆಂಟನ್ನು ಬಿಡಿಸಿ ನೋಡಿದರೆ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ನ ಕರೆಂಟ್‌ಗಳೂ ಇರುತ್ತವೆ: 3ನೇ, 5ನೇ, 7ನೇ ಹಾರ್ಮೋನಿಕ್.

ಒಳ್ಳೆಯ ಚಾರ್ಜರುಗಳಲ್ಲಿ ಈ ಚಪಲವನ್ನು ತಿದ್ದುವ ಪವರ್ ಫ್ಯಾಕ್ಟರ್ ಕರೆಕ್ಷನ್ ಸರ್ಕ್ಯೂಟ್ ಇರುತ್ತದೆ. ಅದಿದ್ದರೆ ಫುಲ್ ಲೋಡಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.99, ಹಾರ್ಮೋನಿಕ್ಸ್‌ನಿಂದ ಅಲೆಗೆ ಆಗುವ ಒಟ್ಟು ವಿರೂಪ 5%ಕ್ಕಿಂತ ಕಡಿಮೆ. ಕಾರಿನೊಳಗಿನ ಚಾರ್ಜರುಗಳಲ್ಲಿ ಅದು ಇದ್ದೇ ಇರುತ್ತದೆ. ಅದಿಲ್ಲದ ಚಾರ್ಜರಿನಲ್ಲಿ ಪವರ್ ಫ್ಯಾಕ್ಟರ್ 0.6ರ ಆಸುಪಾಸು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಸ್ಕೂಟರ್ ಚಾರ್ಜರುಗಳಲ್ಲಿ, ಆಟೋ ಮತ್ತು ಇ-ರಿಕ್ಷಾಗಳಿಗೆ ಸ್ಥಳೀಯವಾಗಿ ಕಟ್ಟಿಕೊಡುವ ಚಾರ್ಜರುಗಳಲ್ಲಿ ಮೊದಲು ಉಳಿತಾಯ ಮಾಡುವುದು ಇದೇ ಸರ್ಕ್ಯೂಟನ್ನು.

ನಿಯಮವಿಲ್ಲವೇ? ಇದೆ, ಅದರಲ್ಲೊಂದು ಕಂಡಿಯೂ ಇದೆ. 16 ಆಂಪ್ಸ್ ಒಳಗಿನ ಉಪಕರಣಗಳ ಹಾರ್ಮೋನಿಕ್ಸ್ ಅಳೆಯುವ ಐಇಸಿ 61000-3-2 ಮಾನದಂಡ ಬ್ಯಾಟರಿ ಚಾರ್ಜರುಗಳನ್ನು ಎ ವರ್ಗದಲ್ಲಿಡುತ್ತದೆ. ಆ ವರ್ಗದ ಮಿತಿ ಶೇಕಡಾವಾರು ಅಲ್ಲ, ನೇರ ಆಂಪ್ಸ್‌ನಲ್ಲಿದೆ: 3ನೇ ಹಾರ್ಮೋನಿಕ್‌ಗೆ 2.30, 5ನೇದಕ್ಕೆ 1.14, 7ನೇದಕ್ಕೆ 0.77. 16 ಆಂಪ್ಸ್ ಎಳೆಯುವ ಯಂತ್ರಕ್ಕೆ 2.3 ಆಂಪ್ಸ್ ಅಂದರೆ ಶೇ 14, ಸರಿ. ಆದರೆ 800 ವಾಟ್‌ನ ಸ್ಕೂಟರ್ ಚಾರ್ಜರ್ ಎಳೆಯುವುದೇ ಮೂರೂವರೆ ಆಂಪ್ಸ್. ಅದು 2.3 ಆಂಪ್ಸ್ 3ನೇ ಹಾರ್ಮೋನಿಕ್ ಉಗುಳಿದರೂ, ಅಂದರೆ ಶೇ 65ರಷ್ಟು, ಪರೀಕ್ಷೆಯಲ್ಲಿ ಪಾಸ್. ಒಂದು ಚಾರ್ಜರ್ ಮನೆಯಲ್ಲಿ ಒಂಟಿಯಾಗಿರುವಾಗ ಇದರಿಂದ ಯಾರಿಗೂ ನಷ್ಟವಿಲ್ಲ. ಮೂವತ್ತು ಒಂದೇ ಕೇಬಲ್ಲಿಗೆ ಬಿದ್ದಾಗ ಕಥೆ ಬೇರೆ.

ಆ ಮೂವತ್ತನ್ನೇ ಲೆಕ್ಕ ಹಾಕೋಣ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೂವತ್ತು ಸ್ಕೂಟರ್, ಫೇಸಿಗೆ ಹತ್ತರಂತೆ ಅಚ್ಚುಕಟ್ಟಾಗಿ ಹಂಚಿದೆ. ಪ್ರತಿ ಫೇಸಿನಲ್ಲಿ 50 ಹರ್ಟ್ಸ್‌ನ ಕರೆಂಟ್ 35 ಆಂಪ್ಸ್, 150 ಹರ್ಟ್ಸ್‌ನದು 23 ಆಂಪ್ಸ್. ಎರಡನ್ನೂ ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ 42 ಆಂಪ್ಸ್. ಮೂರು ಫೇಸ್‌ಗಳ 50 ಹರ್ಟ್ಸ್ ಕರೆಂಟ್‌ಗಳು ಒಂದಕ್ಕೊಂದು 120 ಡಿಗ್ರಿ ದೂರ ಇರುವುದರಿಂದ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ವಜಾ ಮಾಡಿಕೊಳ್ಳುತ್ತವೆ. ಆದರೆ 120 ಡಿಗ್ರಿಯನ್ನು ಮೂರರಿಂದ ಗುಣಿಸಿದರೆ 360. ಅಂದರೆ 3ನೇ ಹಾರ್ಮೋನಿಕ್‌ಗೆ ಮೂರೂ ಫೇಸ್‌ಗಳು ಒಂದೇ ತಾಳದಲ್ಲಿರುತ್ತವೆ. ಅಲ್ಲಿ ವಜಾ ಇಲ್ಲ, ಬರೀ ಕೂಡಿಕೆ. 23ರ ಮೂರರಷ್ಟು, 69 ಆಂಪ್ಸ್ ನ್ಯೂಟ್ರಲ್‌ನಲ್ಲಿ. ಫೇಸಿನಲ್ಲಿ 42, ನ್ಯೂಟ್ರಲ್‌ನಲ್ಲಿ 69! ಇದು ಎಲ್ಲ ಚಾರ್ಜರುಗಳೂ ಮಿತಿಯ ಅಂಚಿನಲ್ಲಿರುವ ಸ್ಥಿತಿಯ ಲೆಕ್ಕ. ವಾಸ್ತವದಲ್ಲಿ ಕಡಿಮೆ ಇರಬಹುದು. ಅರ್ಧಕ್ಕರ್ಧ ಕಡಿಮೆ ಎಂದರೂ ಸೊನ್ನೆ ಇರಬೇಕಾದ ಕಡೆ 35 ಆಂಪ್ಸ್.

ಈಗ ಆ ಕೇಬಲ್ ಎಂಥದ್ದು ನೋಡಿ. ನಮ್ಮಲ್ಲಿ ತ್ರೀ ಫೇಸ್ ಲೈನಿಗೆ ಅಂಗಡಿಯಲ್ಲಿ ಕೇಳುವುದೇ ಮೂರೂವರೆ ಕೋರ್ ಕೇಬಲ್. ಆ ಅರ್ಧ ಕೋರ್ ಅಂದರೆ ನ್ಯೂಟ್ರಲ್. 25 ಚದರ ಮಿಲಿಮೀಟರಿನ ಮೂರೂವರೆ ಕೋರ್ ಕೇಬಲ್ಲಿನಲ್ಲಿ ನ್ಯೂಟ್ರಲ್ ಬರೀ 16 ಚದರ ಮಿಲಿಮೀಟರ್. ಪಿವಿಸಿ ಹೊದಿಕೆಯ ಅಲ್ಯೂಮಿನಿಯಂ 16 ಚದರ ಮಿಲಿಮೀಟರ್ ತಂತಿ ಗಾಳಿಯಲ್ಲಿ ತಾಳುವುದು ಸುಮಾರು 50 ಆಂಪ್ಸ್. ಫೇಸ್‌ಗಳ 42 ಆಂಪ್ಸ್ ಆ ಕೇಬಲ್ಲಿಗೆ ಆಟ; ನ್ಯೂಟ್ರಲ್‌ನ 69 ಆಂಪ್ಸ್ ಬೆಂಕಿ. ಮೂರೂವರೆ ಕೋರ್ ಕೇಬಲ್ ಬಂದ ಕಾಲದಲ್ಲಿ ಲೋಡ್ ಎಂದರೆ ಬಲ್ಬು ಮತ್ತು ಮೋಟರು. ನ್ಯೂಟ್ರಲ್‌ಗೆ ಅರ್ಧ ಸಾಕು ಎಂಬುದು ಆ ಕಾಲಕ್ಕೆ ನ್ಯಾಯವಾಗಿತ್ತು.

ಎಂಸಿಬಿ ಟ್ರಿಪ್ ಆಗಬೇಕಲ್ಲವೇ? ಆಗುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಹಾಕುವುದು 63 ಆಂಪ್ಸ್ ಟಿಪಿಎನ್, ಅಂದರೆ ಮೂರು ಫೇಸ್ ಮತ್ತು ನ್ಯೂಟ್ರಲ್ ಸೇರಿದ ಎಂಸಿಬಿ. ಅದರ ಮೂರು ಫೇಸ್ ಪೋಲ್‌ಗಳಲ್ಲಿ ಮಾತ್ರ ಕರೆಂಟ್ ಅಳೆದು ಬೀಳಿಸುವ ವ್ಯವಸ್ಥೆ ಇರುತ್ತದೆ. ನ್ಯೂಟ್ರಲ್ ಪೋಲ್ ಬರೀ ಸ್ವಿಚ್. ನ್ಯೂಟ್ರಲ್‌ನಲ್ಲಿ ಎಷ್ಟು ಹರಿದರೂ ಅದಕ್ಕೆ ಪರಿವೆಯಿಲ್ಲ. ಮೊದಲು ಬಿಸಿಯಾಗುವುದು ನ್ಯೂಟ್ರಲ್ ಲಿಂಕಿಗೆ ಲಗ್ (ತಂತಿಯ ತುದಿಯ ಲೋಹದ ಹಿಡಿ) ಕೂರುವ ಜಾಗ. ಅಲ್ಯೂಮಿನಿಯಂ ತಂತಿ ಬಿಸಿಯಾದಾಗ ಹಿಗ್ಗಿ, ಬೆಳಗ್ಗೆ ತಣ್ಣಗಾದಾಗ ಕುಗ್ಗಿ, ದಿನದಿನಕ್ಕೂ ಲಗ್ಗಿನ ಬೋಲ್ಟ್ ಸಡಿಲವಾಗುತ್ತದೆ. ಸಡಿಲವಾದಷ್ಟೂ ರೋಧ ಹೆಚ್ಚು, ಬಿಸಿ ಇನ್ನೂ ಹೆಚ್ಚು. ಒಂದು ರಾತ್ರಿ ನ್ಯೂಟ್ರಲ್ ಬಿಟ್ಟುಹೋಗುತ್ತದೆ. ಆಗ ಎರಡು ಫೇಸ್‌ಗಳ ನಡುವಿನ 415 ವೋಲ್ಟನ್ನು ಅವುಗಳಿಗೆ ಸೇರಿದ ಲೋಡುಗಳು ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇದ್ದವರ ಪಾಲಿಗೆ ಹೆಚ್ಚು ವೋಲ್ಟ್. ಟಿವಿ, ಫ್ರಿಜ್ಜು, ಸ್ಕೂಟರ್ ಚಾರ್ಜರ್ ಒಟ್ಟಿಗೆ ಹೊಗೆಯಾಡುವುದು ಹೀಗೆ. ಮರುದಿನ ಎಲ್ಲರೂ ಹೇಳುವುದು ‘ಹೈ ವೋಲ್ಟೇಜ್ ಬಂತು’ ಅಂತ.

ಇದನ್ನು ಪತ್ತೆ ಹಚ್ಚಲು ಲಕ್ಷಾಂತರ ರೂಪಾಯಿಯ ಉಪಕರಣ ಬೇಡ. ರಾತ್ರಿ ಹನ್ನೊಂದರ ಹೊತ್ತಿಗೆ ಚಾರ್ಜಿಂಗ್ ಪ್ಯಾನೆಲ್ ತೆರೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಟಾಂಗ್ ಟೆಸ್ಟರ್ (ತಂತಿಯನ್ನು ಕಡಿಯದೆ ಇಕ್ಕಳದಂತೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿಸಿ, ಆರ್, ವೈ, ಬಿ ಎಂಬ ಮೂರು ಫೇಸ್ ಮತ್ತು ನ್ಯೂಟ್ರಲ್ ನಾಲ್ಕನ್ನೂ ಬರೆದುಕೊಳ್ಳಿ. ಟೆಸ್ಟರ್ ಮೇಲೆ ಟ್ರೂ ಆರ್‌ಎಂಎಸ್ ಎಂದು ಬರೆದಿರಬೇಕು. ಸಾದಾ ಟೆಸ್ಟರ್ ಇಂಥ ಚೂಪು ಕರೆಂಟನ್ನು ಕಾಲು ಭಾಗಕ್ಕೂ ಮೀರಿ ಕಡಿಮೆ ತೋರಿಸಬಹುದು. ಆರ್ 42, ವೈ 41, ಬಿ 43 ಇದ್ದರೆ ಬರೀ ಅಸಮತೋಲನದಿಂದ ನ್ಯೂಟ್ರಲ್‌ನಲ್ಲಿ ಬರಬೇಕಾದ್ದು 2 ಆಂಪ್ಸ್‌ಗಿಂತಲೂ ಕಡಿಮೆ. ಮೂರರ ವರ್ಗಗಳನ್ನು ಕೂಡಿಸಿ, ಅದರಿಂದ ಎರಡೆರಡರ ಗುಣಲಬ್ಧಗಳನ್ನು ಕಳೆದು, ವರ್ಗಮೂಲ ತೆಗೆದರೆ ಈ ಸಂಖ್ಯೆ ಸಿಗುತ್ತದೆ. ಟೆಸ್ಟರ್ 69 ತೋರಿಸಿದರೆ ಉಳಿದದ್ದೆಲ್ಲ ಹಾರ್ಮೋನಿಕ್ಸ್. ನ್ಯೂಟ್ರಲ್ ಓದು ಫೇಸಿನ ಓದಿನ ಅರ್ಧ ದಾಟಿದ್ದರೆ ಆ ಪ್ಯಾನೆಲ್‌ಗೆ ಇನ್ನೊಂದು ಚಾರ್ಜಿಂಗ್ ಪಾಯಿಂಟ್ ಸೇರಿಸಬೇಡಿ. ಲಿಂಕಿನ ಸುತ್ತ ನೀಲಿ ಅಥವಾ ಕಪ್ಪು ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದರೆ ಚಕ್ಕೆ ಏಳುವಂತಿದ್ದರೆ, ಓದು ಏನೇ ಇರಲಿ ಮೊದಲು ಸಪ್ಲೈ ತೆಗೆಯಿರಿ.

ಪರಿಹಾರ ಸರಳ. ಚಾರ್ಜಿಂಗ್‌ಗೆ ಎಳೆಯುವ ಕೇಬಲ್ ಪೂರ್ತಿ ನಾಲ್ಕು ಕೋರ್ ಇರಲಿ. ಸ್ಕೂಟರುಗಳೇ ಹೆಚ್ಚಿದ್ದರೆ ನ್ಯೂಟ್ರಲ್‌ಗೆ ಇನ್ನೊಂದು ತಂತಿ ಜೋಡಿಸಿ ದುಪ್ಪಟ್ಟು ಮಾಡಿ. ನಾಲ್ಕೂ ಪೋಲ್ ಅಳೆಯುವ ಬ್ರೇಕರ್ ಹಾಕಿ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ಬಸ್‌ಬಾರಿಗೆ ಸೇರಿಸುವಲ್ಲಿ ಬೈಮೆಟಾಲಿಕ್ ಲಗ್. ಬೋಲ್ಟುಗಳನ್ನು ಆರು ತಿಂಗಳಿಗೊಮ್ಮೆ, ಸಪ್ಲೈ ತೆಗೆದು, ಬಿಗಿ ಮಾಡಿ. ಇದಿಷ್ಟಕ್ಕೂ ಆಗುವ ಖರ್ಚು ಹಾರ್ಮೋನಿಕ್ಸ್ ಅಳಿಸುವ ಯಂತ್ರವಾದ ಒಂದು ಆಕ್ಟಿವ್ ಹಾರ್ಮೋನಿಕ್ ಫಿಲ್ಟರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಮಾರಲು ಬರುವವರು ಮಾತ್ರ ಮೊದಲು ತೋರಿಸುವುದೇ ಫಿಲ್ಟರನ್ನು.

ಅವರು ತೋರಿಸುವ ಶೇಕಡಾವಾರಿನ ಬಗ್ಗೆಯೂ ಎಚ್ಚರ ಬೇಕು. ಬ್ಯಾಟರಿ 80% ದಾಟಿದ ಮೇಲೆ ಚಾರ್ಜರ್ ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಕರೆಂಟ್ ಕಡಿಮೆಯಾದಂತೆ ಒಳ್ಳೆಯ ಚಾರ್ಜರಿನಲ್ಲೂ ವಿರೂಪದ ಶೇಕಡಾವಾರು ಏರುತ್ತದೆ. ಆ ಗಳಿಗೆಯಲ್ಲಿ ಅಳೆದು ‘ನೋಡಿ, 20% ವಿರೂಪ’ ಎಂದರೆ ಗಾಬರಿಯಾಗಬೇಕಿಲ್ಲ; 60 ಕಿಲೋವಾಟ್ ಚಾರ್ಜರ್ 6 ಕಿಲೋವಾಟಿನಲ್ಲಿ ಓಡುವಾಗಿನ 20% ಅಂದರೆ ಅದರ ಪೂರ್ಣ ಕರೆಂಟಿನ 2% ಮಾತ್ರ. ಅದಕ್ಕೇ ಐಇಇಇ 519 ಮಾನದಂಡ ಆ ಕ್ಷಣದ ಕರೆಂಟಿಗೆ ಹೋಲಿಸುವುದಿಲ್ಲ, ಗ್ರಾಹಕರ ಗರಿಷ್ಠ ಬೇಡಿಕೆಯ ಕರೆಂಟಿಗೆ ಹೋಲಿಸುತ್ತದೆ. 250 ಕೆವಿಎ ಟಿಸಿ ಇರುವ ಅಪಾರ್ಟ್‌ಮೆಂಟಿನಲ್ಲಿ ಟಿಸಿಯ ಇಂಪೀಡೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) 4.5% ಎಂದು ಹಿಡಿದರೆ ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 7,400 ಆಂಪ್ಸ್. ಗರಿಷ್ಠ ಬೇಡಿಕೆ 200 ಆಂಪ್ಸ್ ಇದ್ದರೆ ಎರಡರ ಅನುಪಾತ 37. ಅಂಥ ಕಡೆ ಒಟ್ಟು ಮಿತಿ 8%. ಮೇಲಿನ ಮೂವತ್ತು ಸ್ಕೂಟರುಗಳ 23 ಆಂಪ್ಸ್ ಇಲ್ಲಿ 11.5% ಆಯಿತು, ಮಿತಿ ಮೀರಿತು. ಅಳತೆ ಒಂದು ದಿನದ್ದಲ್ಲ, ಒಂದು ವಾರದ್ದಿರಬೇಕು; 10 ನಿಮಿಷಗಳ ಸರಾಸರಿಗಳಲ್ಲಿ 95% ಮಿತಿಯೊಳಗಿರಬೇಕು.

ಎಲ್ಲಿ ಅಳೆಯಬೇಕು ಎಂಬುದೂ ಮುಖ್ಯ. 11 ಕೆವಿ ಕಡೆಯ ಮೀಟರಿನಲ್ಲಿ ಅಳೆದರೆ ಮೂರೂ ಫೇಸಿನಲ್ಲಿ ಸಮನಾಗಿರುವ 3ನೇ ಹಾರ್ಮೋನಿಕ್ ಕಾಣುವುದೇ ಇಲ್ಲ. ನಮ್ಮ ಟಿಸಿಗಳು ಡೆಲ್ಟಾ-ಸ್ಟಾರ್, ಅಂದರೆ 11 ಕೆವಿ ಬದಿಯ ಸುರುಳಿಗಳು ತ್ರಿಕೋನದಂತೆ (ಡೆಲ್ಟಾ) ಜೋಡಣೆಯಾಗಿರುತ್ತವೆ. ಆ ಕರೆಂಟ್ ಡೆಲ್ಟಾ ಸುರುಳಿಯೊಳಗೇ ಗಿರಕಿ ಹೊಡೆದು ಬಿಸಿಯಾಗಿ ಕರಗುತ್ತದೆ. ಎಚ್‌ಟಿ (11 ಕೆವಿ ಬದಿಯ) ವರದಿ ಶುದ್ಧ, ಟಿಸಿ ಬಿಸಿ. 5 ಮತ್ತು 7ನೇದು ಮಾತ್ರ ದಾಟಿ ಮೇಲಕ್ಕೆ ಹೋಗುತ್ತವೆ, ದಾಟುವಾಗ ಟಿಸಿಯನ್ನೂ ಸುಡುತ್ತವೆ: ಸುರುಳಿಯ ಎಡ್ಡಿ ನಷ್ಟ ಆವರ್ತನದ ವರ್ಗದಷ್ಟು ಏರುವುದರಿಂದ 20% 5ನೇ ಹಾರ್ಮೋನಿಕ್ ಒಂದೇ ಆ ನಷ್ಟವನ್ನು ದುಪ್ಪಟ್ಟು ಮಾಡುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ಸಂಪರ್ಕ ನಿಯಮಗಳ ವ್ಯಾಪ್ತಿಗೆ 2019ರ ತಿದ್ದುಪಡಿಯಲ್ಲಿ ಚಾರ್ಜಿಂಗ್ ಸ್ಟೇಷನ್ನುಗಳೂ ಬಂದಿವೆ. ಹಾರ್ಮೋನಿಕ್ಸ್ ಮಿತಿ ಅಲ್ಲಿದೆ. ಆದರೆ ಬೇಸ್‌ಮೆಂಟಿನ ಮೂವತ್ತು 15 ಆಂಪ್ಸ್ ಸಾಕೆಟ್‌ಗಳನ್ನು ಯಾರೂ ಸ್ಟೇಷನ್ ಎಂದು ಕರೆಯುವುದಿಲ್ಲ, ಅಳೆಯುವುದೂ ಇಲ್ಲ.

ಕೆಪಾಸಿಟರ್ ಪ್ಯಾನೆಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಲಿಫ್ಟು, ಪಂಪುಗಳಿಗಾಗಿ ಅಪಾರ್ಟ್‌ಮೆಂಟುಗಳು ಪವರ್ ಫ್ಯಾಕ್ಟರನ್ನು ತಾನೇ ತಿದ್ದುವ ಎಪಿಎಫ್‌ಸಿ ಪ್ಯಾನೆಲ್ ಹಾಕಿಸಿರುತ್ತವೆ. ಕೆಪಾಸಿಟರೂ ಟಿಸಿಯ ಸುರುಳಿಯೂ ಸೇರಿ ಒಂದು ಆವರ್ತನದಲ್ಲಿ ಅನುರಣನಕ್ಕೆ ಬರುತ್ತವೆ. ಆ ಆವರ್ತನ ಎಷ್ಟನೇ ಹಾರ್ಮೋನಿಕ್ ಎಂದು ತಿಳಿಯಲು ಶಾರ್ಟ್ ಸರ್ಕ್ಯೂಟ್ ಕೆವಿಎಯನ್ನು ಕೆಪಾಸಿಟರಿನ ಕೆವಿಎಆರ್‌ನಿಂದ (ಅದರ ಸಾಮರ್ಥ್ಯದ ಅಳತೆ) ಭಾಗಿಸಿ ವರ್ಗಮೂಲ ತೆಗೆದರೆ ಸಾಕು. ನಮ್ಮ 250 ಕೆವಿಎ ಟಿಸಿಯ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 5,550 ಕೆವಿಎ. 50 ಕೆವಿಎಆರ್ ಸೇರಿದ್ದಾಗ 10.5, 100 ಸೇರಿದಾಗ ಏಳೂವರೆ, 7ನೇ ಹಾರ್ಮೋನಿಕ್‌ನ ಪಕ್ಕ, 200 ಸೇರಿದಾಗ 5.3, 5ನೇದರ ಪಕ್ಕ. ಪ್ಯಾನೆಲ್ ತಾನೇ ಹಂತಹಂತವಾಗಿ ಕೆಪಾಸಿಟರ್ ಸೇರಿಸುತ್ತಾ ತೆಗೆಯುತ್ತಾ ಇರುವುದರಿಂದ ದಿನದಲ್ಲಿ ಒಂದಲ್ಲ ಒಂದು ಹೊತ್ತು ತಪ್ಪು ಜಾಗದಲ್ಲಿ ಬಂದು ನಿಲ್ಲುತ್ತದೆ. ಆಗ ಸಣ್ಣ ಹಾರ್ಮೋನಿಕ್ ಕರೆಂಟೂ ಹಲವು ಪಟ್ಟು ಹಿಗ್ಗಿ ಕೆಪಾಸಿಟರಿನಲ್ಲಿ ಹರಿಯುತ್ತದೆ. ಡಬ್ಬಿಯ ತಲೆ ಊದಿಕೊಂಡ ಕೆಪಾಸಿಟರುಗಳನ್ನು ‘ಕ್ವಾಲಿಟಿ ಸರಿಯಿಲ್ಲ’ ಎಂದು ಬದಲಿಸಿ, ಹೊಸವೂ ವರ್ಷದೊಳಗೆ ಊದಿದರೆ, ತಪ್ಪು ಕೆಪಾಸಿಟರಿನದ್ದಲ್ಲ ಎಂದು ತಿಳಿಯಿರಿ.

ಇದಕ್ಕೆ ಔಷಧ ಡೀಟ್ಯೂನ್ಡ್ ರಿಯಾಕ್ಟರ್, ಅಂದರೆ ಕೆಪಾಸಿಟರಿನ ಜೊತೆ ಸರಣಿಯಲ್ಲಿ ಸೇರಿಸುವ ಸುರುಳಿ. 5ನೇದು ಹೆಚ್ಚಿದ್ದರೆ 7% ರಿಯಾಕ್ಟರ್ ಸಾಕು. ಅದು ಅನುರಣನವನ್ನು 189 ಹರ್ಟ್ಸ್‌ಗೆ ಇಳಿಸಿ ಕೂರಿಸುತ್ತದೆ. ಆದರೆ ಸ್ಕೂಟರ್ ಚಾರ್ಜರುಗಳಿಂದ 150 ಹರ್ಟ್ಸ್ ಜೋರಾಗಿರುವ ಕಡೆ 14% ಬೇಕು, 134 ಹರ್ಟ್ಸ್‌ಗೆ ಇಳಿಸಲು. ರಿಯಾಕ್ಟರ್ ಸೇರಿಸಿದ ಮೇಲೆ ಕೆಪಾಸಿಟರಿನ ಮೇಲಿನ ವೋಲ್ಟೇಜ್ ಏರುತ್ತದೆ. ಹಳೆಯ 440 ವೋಲ್ಟಿನ ಕೆಪಾಸಿಟರನ್ನೇ ಉಳಿಸಿಕೊಂಡರೆ ಅದು ಮತ್ತೆ ಊದುತ್ತದೆ. 7%ಗೆ 480, 14%ಗೆ 525 ವೋಲ್ಟಿನವು ಹಾಕಿಸಿ.

ಕರೆಂಟ್ ಹೋದಾಗ ಡಿಜಿ ಸೆಟ್ಟಿನಿಂದ (ಡೀಸೆಲ್ ಜನರೇಟರಿನಿಂದ) ಚಾರ್ಜ್ ಮಾಡಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ಟಿಸಿಯ ಇಂಪೀಡೆನ್ಸ್ 4.5%, ಡಿಜಿಯಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನದು 12ರಿಂದ 15%. ಅದೇ ಹಾರ್ಮೋನಿಕ್ ಕರೆಂಟ್ ಡಿಜಿಯಲ್ಲಿ ವೋಲ್ಟೇಜನ್ನು ಮೂರು ಪಟ್ಟು ಕೆಡಿಸುತ್ತದೆ, ಅದರ ವೋಲ್ಟೇಜ್ ಹಿಡಿದಿಡುವ ಎವಿಆರ್ ತಡಬಡಾಯಿಸುತ್ತದೆ, ಲಿಫ್ಟಿನ ಡ್ರೈವ್ ಫಾಲ್ಟ್ ತೋರಿಸಿ ನಿಲ್ಲುತ್ತದೆ. ಡಿಜಿ ಓಡುವಾಗ ಇವಿ ಲೈನನ್ನು ಬಿಡಿಸುವ ಒಂದು ಕಾಂಟ್ಯಾಕ್ಟರ್ ಹಾಕಿದರೆ ಮುಗಿಯಿತು. ಡೀಸೆಲ್ ಸುಟ್ಟು ವಿದ್ಯುತ್ ಗಾಡಿ ಓಡಿಸುವ ವಿನೋದವೂ ತಪ್ಪುತ್ತದೆ.

ಸೋರಿಕೆ ಕಂಡರೆ ಸಪ್ಲೈ ಕಡಿಯುವ ಆರ್‌ಸಿಸಿಬಿ ಬಗ್ಗೆ ಒಂದೇ ಮಾತು. ಚಾರ್ಜರಿನೊಳಗೆ ದೋಷವಾದರೆ ಸೋರಿಕೆ ಡಿಸಿ ರೂಪದಲ್ಲಿರಬಹುದು. ಮನೆಗಳಲ್ಲಿರುವ ಎಸಿ ಮಾದರಿಯ ಆರ್‌ಸಿಸಿಬಿಯ ಕೋರ್ ಆ ಡಿಸಿಯಿಂದ ಸ್ತಬ್ಧವಾಗಿ, ನಿಜವಾದ ಶಾಕ್ ಹೊಡೆದಾಗಲೂ ಬೀಳದೆ ಹೋಗಬಹುದು. 30 ಮಿಲಿಆಂಪ್ಸ್ ಬಿ ಮಾದರಿಯದು, ಇಲ್ಲವೇ 6 ಮಿಲಿಆಂಪ್ಸ್ ಡಿಸಿ ಪತ್ತೆ ಮಾಡುವ ಚಾರ್ಜರಿನೊಂದಿಗೆ ಎ ಮಾದರಿಯದು ಹಾಕಿಸಿ. ಅದೇ ಲೈನಿನಲ್ಲಿ ಬೇರೆ ಸಾಕೆಟ್ ಇರಬಾರದು.

ದೊಡ್ಡ ಫಾಸ್ಟ್ ಚಾರ್ಜರುಗಳನ್ನೂ ಬಸ್ ಡಿಪೊಗಳನ್ನೂ ಜನ ಹೆಚ್ಚು ದೂರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅವು ಕಡಿಮೆ ತಂಟೆಯವು. 60 ಕಿಲೋವಾಟ್ ಚಾರ್ಜರ್ ಫೇಸಿಗೆ ಸುಮಾರು 90 ಆಂಪ್ಸ್ ಎಳೆದರೂ ಮೂರು ಫೇಸಿನಲ್ಲೂ ಸಮನಾಗಿ ಎಳೆಯುತ್ತದೆ, ನ್ಯೂಟ್ರಲ್‌ಗೆ ಹೊರೆಯಿಲ್ಲ, ಒಳಗೆ ತಿದ್ದುವ ಸರ್ಕ್ಯೂಟ್ ಇದೆ. ತಪ್ಪಾಗುವುದು ಅದನ್ನು ಬೀದಿಯ ಮನೆಗಳ 100 ಕೆವಿಎ ಟಿಸಿಗೇ ಜೋಡಿಸಿದಾಗ. ಮತ್ತೊಂದು ಸಣ್ಣ ವಿಷಯ: ಗಿರಾಕಿಯಿಲ್ಲದೆ ಸುಮ್ಮನೆ ಆನ್ ಆಗಿರುವ ಫಾಸ್ಟ್ ಚಾರ್ಜರಿನ ಫಿಲ್ಟರ್ ಕೆಪಾಸಿಟರುಗಳು ಲೀಡಿಂಗ್ ಕರೆಂಟ್ (ವೋಲ್ಟೇಜಿನ ಅಲೆಗಿಂತ ಮುಂದೆ ಓಡುವ ಕರೆಂಟ್) ಎಳೆಯುತ್ತಲೇ ಇರುತ್ತವೆ. ಸ್ಟೇಷನ್ನಿನ ಪವರ್ ಫ್ಯಾಕ್ಟರ್ ಕೆಟ್ಟಿದೆ ಎಂದು ಮತ್ತಷ್ಟು ಕೆಪಾಸಿಟರ್ ಸೇರಿಸಿದರೆ ಅದು ಇನ್ನೂ ಕೆಡುತ್ತದೆ.

ಕೊನೆಯದಾಗಿ ಹೊತ್ತು. ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಸಾರ್ವಜನಿಕ ಚಾರ್ಜಿಂಗ್‌ಗೆ ಬೆಳಗ್ಗೆ 9ರಿಂದ ಸಂಜೆ 4ರ ತನಕ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿಗೆ 1.3 ಪಟ್ಟು ದರ ಸೂಚಿಸುತ್ತದೆ. ಇದು ಸರಿಯಾದ ದಿಕ್ಕು. ಚಾವಣಿ ಸೋಲಾರ್ ಏರಿಸುವ ವೋಲ್ಟೇಜನ್ನು ಚಾರ್ಜಿಂಗ್ ಇಳಿಸುತ್ತದೆ, ಎರಡೂ ರೋಗಕ್ಕೆ ಒಂದೇ ಮದ್ದು. ಆದರೆ ಗಡಿಯಾರ ನೋಡಿ ದರ ಬದಲಿಸಿದರೆ ಎಲ್ಲರ ಟೈಮರೂ ಒಂದೇ ನಿಮಿಷಕ್ಕೆ ಎಚ್ಚರವಾಗುತ್ತವೆ. ಕರೆಂಟ್ ಹೋಗಿ ಬಂದಾಗಲೂ ಹಾಗೇ: ಅರ್ಧ ತುಂಬಿದ ಬ್ಯಾಟರಿಗಳೆಲ್ಲ ಒಟ್ಟಿಗೆ ಎಳೆಯಲು ಶುರು ಮಾಡಿ, ಆಗಷ್ಟೇ ಹಾಕಿದ ಫ್ಯೂಸ್ ಮತ್ತೆ ಹೋಗುತ್ತದೆ. ಬ್ರಿಟನ್ 2021ರ ತನ್ನ ಸ್ಮಾರ್ಟ್ ಚಾರ್ಜ್ ಪಾಯಿಂಟ್ ನಿಯಮದಲ್ಲಿ, ಮನೆ ಮತ್ತು ಕೆಲಸದ ಸ್ಥಳಗಳ ಪ್ರತಿ ಚಾರ್ಜರ್ 10 ನಿಮಿಷದೊಳಗೆ ಯಾವುದೋ ಒಂದು ಕ್ಷಣದಲ್ಲಿ ತಡವಾಗಿ ಶುರುವಾಗಬೇಕು ಎಂದು ಕಡ್ಡಾಯ ಮಾಡಿತು. ಇದಕ್ಕೆ ಬೇಕಾದ್ದು ಚಾರ್ಜರಿನ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಬದಲಾವಣೆ.

ವಿದ್ಯುತ್ ಸರಬರಾಜು ಕಂಪನಿಗಳಿಗೂ ವಿದ್ಯುತ್ ನಿಯಂತ್ರಣ ಆಯೋಗಕ್ಕೂ ನಮ್ಮ ಮನವಿ ಇಷ್ಟು. ಇವಿ ಅರ್ಜಿಯಲ್ಲಿ ಫೇಸ್, ಟಿಸಿಯಿಂದ ದೂರ ಮತ್ತು ಚಾರ್ಜರಿನ ಮಾದರಿ ಬರೆಯಲು ಮೂರು ಖಾನೆ ಸೇರಿಸಿ. ಮೀಟರ್ ಕೂರಿಸುವ ದಿನ ಲೈನ್‌ಮ್ಯಾನ್ ಕಡಿಮೆ ಹೊರೆಯಿರುವ ಫೇಸಿಗೆ ಕೊಟ್ಟು ಅದನ್ನು ದಾಖಲಿಸಲಿ. ಟಿಸಿಗಳ ಲೋಡ್ ಪರೀಕ್ಷೆ ಈಗ ಸಂಜೆಗೆ ನಡೆಯುವಲ್ಲಿ ರಾತ್ರಿ ಹನ್ನೊಂದಕ್ಕೂ ಒಮ್ಮೆ ನಡೆಯಲಿ, ಮೂರು ಫೇಸ್‌ಗಳ ಜೊತೆ ನ್ಯೂಟ್ರಲ್ ಓದನ್ನೂ ಬರೆಯಲಿ. ಗ್ರಾಹಕರ ಹಕ್ಕು ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಯಂತೆ ಇವಿಗೆ ಪ್ರತ್ಯೇಕ ಸಂಪರ್ಕ ಕೇಳುವ ಅಪಾರ್ಟ್‌ಮೆಂಟುಗಳಿಗೆ ಮೂರೂವರೆ ಕೋರ್ ಕೇಬಲ್ಲಿನ ಮೇಲೆ ಮಂಜೂರಾತಿ ಕೊಡಬೇಡಿ. ಹತ್ತಕ್ಕಿಂತ ಹೆಚ್ಚು ಸಾಕೆಟ್ ಇರುವ ಬೇಸ್‌ಮೆಂಟನ್ನು, ಹೆಸರು ಏನೇ ಇರಲಿ, ಹಾರ್ಮೋನಿಕ್ಸ್ ಲೆಕ್ಕಕ್ಕೆ ಚಾರ್ಜಿಂಗ್ ಸ್ಟೇಷನ್ ಎಂದೇ ಪರಿಗಣಿಸಿ, ಎಲ್‌ಟಿ ಬದಿಯಲ್ಲಿ ಒಂದು ವಾರ ಅಳೆಯಿಸಿ. ಅಪಾರ್ಟ್‌ಮೆಂಟ್ ಸಂಘಗಳು ಇದ್ಯಾವುದಕ್ಕೂ ಕಾಯಬೇಕಿಲ್ಲ. ಈ ವಾರವೇ, ಗಾಡಿಗಳೆಲ್ಲ ಚಾರ್ಜಿಗೆ ನಿಂತ ಮೇಲೆ, ನ್ಯೂಟ್ರಲ್‌ಗೆ ಟಾಂಗ್ ಟೆಸ್ಟರ್ ಹಾಕಿಸಿ ನೋಡಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ವಿದ್ಯುತ್ ವಿತರಣೆಯ ಕೆಲಸ ಬಲ್ಲ ಓದುಗರು, ಬೆಂಗಳೂರು